ಮನೆಯ ಮಾತು, ಮಠದ ಮಾತು

ಕೂಸಿಗೆ ಅಳುವುದಕ್ಕೆ ಯಾವ ಭಾಷೆಯೂ ಬೇಕಾಗುವುದಿಲ್ಲ. ಏಕೆ ಅಳುತ್ತಿದ್ದೇನೆಂದು ಹೇಳುವುದಕ್ಕೆ ಮಾತ್ರ ಭಾಷೆ ಬೇಕು. ಅಳುವಿನಿಂದ ಮಾತಿನವರೆಗಿನ ನಾಲ್ಕಾರು ವರ್ಷಗಳ ಹಾದಿಯಲ್ಲಿ ಮಗುವಿನ ಕೈ ಹಿಡಿದು ನಡೆಯಿಸಿದವರ ಚರಿತ್ರೆಯನ್ನು ಯಾರೂ ಬರೆದಿಟ್ಟಂತಿಲ್ಲ. ನಮ್ಮ ರೋಣ ತಾಲೂಕಿನ ಸೂಡಿಯ ಶಾಸನಗಳಲ್ಲಿ ಹನ್ನೊಂದನೆಯ ಶತಮಾನದ ಅಕ್ಕಾದೇವಿಯ ಹೆಸರು ಬರುತ್ತದೆ. ದೇವರಿಗೆ ಬಿಟ್ಟ ಭೂಮಿಯ ಲೆಕ್ಕ ಬರುತ್ತದೆ. ತೊಟ್ಟಿಲು ತೂಗಿದವರ ಲೆಕ್ಕ ಯಾವ ಕಲ್ಲಿನ ಮೇಲೂ ಇಲ್ಲ. ಇದ್ದೀತೆಂದು ಹುಡುಕುವುದೂ ಸಲ್ಲದು. ಆದರೂ ಮಕ್ಕಳನ್ನು ಬೆಳೆಸುವ ಕೆಲಸಕ್ಕೂ ಒಂದು ಇತಿಹಾಸವಿದೆ, ಅದರ ಹಂಗು ನಮ್ಮ ನಿಮ್ಮ ಮನೆಗಳ ಮೇಲೆ ಇಂದಿಗೂ ಇದೆ ಎಂಬುದು ನನಗೆ ಮನವರಿಕೆಯಾದುದು ಒಂದು ಸಣ್ಣ ಚೀಟಿಯಿಂದ.

ನನ್ನ ಮಗಳು ಆಗ ಒಂದನೆಯ ಇಯತ್ತೆಯಲ್ಲಿದ್ದಳು. ನಾವಿರುವ ನಗರದ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಅವಳನ್ನು ಹಾಕಿದ್ದೆವು. ಶಾಲೆ ಸುರುವಾದ ಎರಡನೆಯ ತಿಂಗಳಲ್ಲಿ ಅವಳ ಡೈರಿಯೊಳಗೆ ಒಂದು ಚೀಟಿ ಅಂಟಿಸಿಕೊಂಡು ಬಂದಿತು. ಮಗುವಿನ ಪ್ರಗತಿಗಾಗಿ ಪಾಲಕರು ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಮಾತನಾಡಬೇಕೆಂಬುದು ಅದರ ಸಾರ. ಕೆಳಗೆ ಪಾಲಕರ ಸಹಿಗೆ ಜಾಗ ಬಿಟ್ಟಿದ್ದರು. ಹದಿನೆಂಟು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಕಲಿಸಿ ಅದರ ಸಂಬಳದಲ್ಲಿಯೇ ಆ ಶಾಲೆಯ ಶುಲ್ಕವನ್ನು ತುಂಬುತ್ತಿರುವ ನಾನು ಚೀಟಿಗೆ ಸಹಿ ಹಾಕಿ ಕಳಿಸಿದೆ. ವಾಚಕರು ನಗಬಹುದು. ಆದರೆ ನಗುವವರಲ್ಲಿ ಅಂಥದೇ ಚೀಟಿಗೆ ಸಹಿ ಮಾಡಿದವರು ಎಷ್ಟು ಜನರಿರಬಹುದೆಂದು ನನಗೆ ಚೆನ್ನಾಗಿ ಗೊತ್ತು.

ಆ ಚೀಟಿಯ ಮುಂದಿನ ಕಥೆಯನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು, ಇಂಥ ಚೀಟಿ ನಮ್ಮ ಭಾಗದ ಮನೆಗಳಿಗೆ ಬಂದುದು ಇದೇ ಮೊದಲಲ್ಲ ಎಂಬುದನ್ನು ತಿಳಿಯಬೇಕು.

*

ನನ್ನ ಊರು ಮೆಣಸಗಿ. ಬೆಣ್ಣೆಹಳ್ಳವು ಮಲಪ್ರಭೆಯನ್ನು ಕೂಡಿಕೊಳ್ಳುವ ಸೀಮೆ. ಎಲ್ಲವೂ ಎರೆಭೂಮಿ, ಮಳೆಯಾದರೆ ಇಟ್ಟ ಕಾಲು ಕೀಳುವುದು ಕಷ್ಟ, ಬೇಸಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರುಕು. ಜೋಳ, ಕಡಲೆ, ಹತ್ತಿ, ಕುಸುಬಿ ಇವು ಬೆಳೆಗಳು. ಹೊಳೆ ಒಮ್ಮೊಮ್ಮೆ ತಾನೇ ಊರೊಳಕ್ಕೆ ಬರುತ್ತದೆ. ೨೦೦೯ರಲ್ಲಿ ಮತ್ತು ೨೦೧೯ರಲ್ಲಿ ಮಲಪ್ರಭೆಯ ದಂಡೆಯ ಹಳ್ಳಿಗಳ ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಎತ್ತರದ ಜಾಗಕ್ಕೆ ನಡೆಯಬೇಕಾಯಿತು. ಇಂಥ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ಭಯ, ಅಗಲಿಕೆ, ಸಾವು ಇವುಗಳ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಅವು ಬಂದಾಗ ಮಗುವಿಗೆ ಏನು ಹೇಳಬೇಕು ಎಂಬುದೊಂದೇ ಪ್ರಶ್ನೆ. ಆ ಪ್ರಶ್ನೆಗೆ ನಮ್ಮ ಹಿರಿಯರು ಪುಸ್ತಕ ಬರೆದು ಉತ್ತರ ಹೇಳಲಿಲ್ಲ; ವರ್ಷದ ಹಬ್ಬಗಳೊಳಗೆ ಅದನ್ನು ಹೊಂದಿಸಿ ಇಟ್ಟರು.

ಮಗುವಿನ ಕಿವಿಗೆ ಬೀಳುವ ಮೊದಲ ಮಾತಿಗೇ ಒಂದು ಸಂಭ್ರಮವಿತ್ತು. ತೊಟ್ಟಿಲು ಹಾಕುವ ದಿನ ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುತ್ತಾಳೆ. ಸುತ್ತ ನೆರೆದ ಹೆಣ್ಣುಮಕ್ಕಳು ನಗುನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಉಳ್ಳವರ ಮನೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲು. ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆಗಳನ್ನು ಬರೆದ ಆ ತೊಟ್ಟಿಲು ಒಂದು ಮನೆಯ ಎರಡು ಮೂರು ತಲೆಮಾರುಗಳ ಕೂಸುಗಳನ್ನು ತೂಗುತ್ತಿತ್ತು. ಇಲ್ಲದವರ ಮನೆಯಲ್ಲಿ ಹಳೆಯ ಸೀರೆಯ ಜೋಳಿಗೆ. ಎರಡಕ್ಕೂ ಹಾಡು ಒಂದೇ. ಆ ಹಾಡುಗಳ ಬೆಲೆಯನ್ನು ಓದುಬರಹ ಬಲ್ಲವರು ಕಂಡುಕೊಂಡುದು ತಡವಾಗಿ. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೂಡಿಸಿ ‘ಗರತಿಯ ಹಾಡು’ ಎಂದು ೧೯೩೧ರಲ್ಲಿ ಪ್ರಕಟಿಸಿದಾಗ, ಕನ್ನಡದ ಪಂಡಿತರು ಬೆರಗಾಗಿ ನೋಡಿದರು. ಬೀಸುಕಲ್ಲಿನ ಮುಂದೆ ಕುಳಿತವಳು ಕೂಸಿನ ನಗುವನ್ನು, ತವರಿನ ನೆನಪನ್ನು, ಮಕ್ಕಳಿಲ್ಲದವಳ ಸಂಕಟವನ್ನು ಮೂರು ಸಾಲಿನಲ್ಲಿ ಹೇಳಬಲ್ಲಳೆಂಬುದು ಅಲ್ಲಿಯವರೆಗೆ ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಇನ್ನು ಹಬ್ಬಗಳು. ಕಾರ ಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಹುಡುಗರ ಕೈಗೆ ಮಣ್ಣು. ಅದಾದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರ ಗುಳ್ಳವ್ವ. ಹೊಳೆಯ ದಂಡೆಯಿಂದಲೋ ಕೆರೆಯಿಂದಲೋ ಮಣ್ಣು ತಂದು, ನಾದಿ, ಗುಳ್ಳವ್ವನನ್ನು ಕೂಡಿಸಿ, ಗುಲಗಂಜಿ ಕುಸುಬಿ ಕಾಳುಗಳಿಂದ ಅಲಂಕರಿಸಿ, ಸಂಜೆಗೆ ಮನೆಮನೆಗೆ ಹೋಗಿ ಹಾಡಿ, ಆರತಿ ಬೆಳಗಿ, ಮರುದಿನ ಬುತ್ತಿ ಕಟ್ಟಿಕೊಂಡು ಹೋಗಿ ನೀರಿಗೆ ಬಿಟ್ಟು ಬರುತ್ತಾರೆ. ಆರೇಳು ವರ್ಷದ ಹುಡುಗಿ ತನ್ನ ಕೈಯಿಂದಲೇ ಮಾಡಿದ ಚೆಲುವಾದ ಬೊಂಬೆಯನ್ನು ತನ್ನ ಕೈಯಿಂದಲೇ ನೀರಿಗೆ ಬಿಡಬೇಕು. ಮುಂದಿನ ಮಂಗಳವಾರ ಮತ್ತೆ ಮಣ್ಣು ತರಬೇಕು. ಭಾದ್ರಪದದಲ್ಲಿ ಗಣಪತಿ ಹೋದ ಬಳಿಕ ಬುಟ್ಟಿಯಲ್ಲಿ ಬೇವಿನ ತಪ್ಪಲಿನ ನಡುವೆ ಕುಳಿತು ಜೋಕುಮಾರಸ್ವಾಮಿ ಬರುತ್ತಾನೆ. ಅವನ ಆಯುಷ್ಯ ಏಳೇ ದಿನ. ಗಣಪತಿ ಊರಿನ ಸುಖವನ್ನು ಕಂಡು ಹೋಗಿ ಹೇಳುವವನು, ಜೋಕುಮಾರ ಊರಿನ ದುಃಖವನ್ನು ಕಂಡು ಹೋಗಿ ಹೇಳುವವನು ಎಂದು ಮಕ್ಕಳಿಗೆ ಕಥೆ. ಸುಖ ಒಪ್ಪಿಸಲು ಒಬ್ಬ ದೇವರು, ದುಃಖ ಒಪ್ಪಿಸಲು ಇನ್ನೊಬ್ಬ ದೇವರು!

ಮಗುವಿನ ಮನಸ್ಸನ್ನು ಬಲ್ಲ ವಿದ್ವಾಂಸರು ಇಂದು ದೊಡ್ಡ ಗ್ರಂಥಗಳಲ್ಲಿ ಹೇಳುವ ಒಂದು ಮಾತಿದೆ: ಮಗುವಿನ ಭಾವನೆಗೆ ಹೆಸರು ಕೊಡಿ, ಅದನ್ನು ಅಲ್ಲಗಳೆಯಬೇಡಿ ಎಂದು. ನಮ್ಮ ಅಜ್ಜಿಯರು ಕೊಡುತ್ತಿದ್ದುದು ಇದನ್ನೇ. ‘ನಿನಗ ಹೊಟ್ಟಿಕಿಚ್ಚು ಬಂದೈತಿ’, ‘ನಿನಗ ಅವ್ವನ ಹಂಬಲ ಹತ್ತೈತಿ’, ‘ಅಂಜಿಕೊಂಡಿ ಏನು? ಬಾ, ಬಗಲಾಗ ಕುಂದ್ರು’ — ಹೊಟ್ಟೆಕಿಚ್ಚು, ಹಂಬಲ, ಅಂಜಿಕೆ ಎಂಬ ಶಬ್ದಗಳು ಕೂಸಿಗೆ ದೊರೆತುದು ಹೀಗೆ, ನಿಘಂಟಿನಿಂದಲ್ಲ.

ಹಳೆಯದೆಲ್ಲ ಹೊನ್ನಾಗಿತ್ತೆಂದು ಯಾರೂ ತಿಳಿಯಬಾರದು. ಗುಮ್ಮನನ್ನು ಕರೆದು ಮಗುವನ್ನು ಮಲಗಿಸಿದ್ದೂ ಆ ಅಜ್ಜಿಯರೇ. ಗಂಡಿನ ತೊಟ್ಟಿಲಿಗೆ ಪೇಢೆ, ಹೆಣ್ಣಿನ ತೊಟ್ಟಿಲಿಗೆ ನಿಟ್ಟುಸಿರು ಎಂಬ ತಾರತಮ್ಯವೂ ಆ ಮನೆಗಳಲ್ಲಿಯೇ ಇತ್ತು. ಗುಳ್ಳವ್ವನ ಆರತಿ ಎಲ್ಲ ಓಣಿಗಳಿಗೂ ಹೋಗುತ್ತಿರಲಿಲ್ಲ ಎಂಬುದನ್ನು ಮರೆತರೆ ಅದು ಅಪ್ರಾಮಾಣಿಕತನವಾದೀತು. ನಾನು ಹೇಳುವುದು ಇಷ್ಟೆ: ಮಗುವಿನ ಅಳಲಿಗೆ ಒಂದು ಮಾತಿತ್ತು, ಆ ಮಾತು ಮನೆಯದಾಗಿತ್ತು.

*

ಐದಾರು ವರ್ಷವಾಯಿತೆಂದರೆ ಮಗು ಮಠಕ್ಕೆ ಹೋಗುತ್ತಿತ್ತು. ಹಳೆಯ ಕಾಲದ ಹಳ್ಳಿಯ ಶಾಲೆಗೆ ನಮ್ಮಲ್ಲಿ ಮಠವೆಂದೇ ಹೆಸರು, ಐಗಳೇ ಗುರುಗಳು. ಮರಳಿನ ಮೇಲೆ ಬೆರಳಿನಿಂದ ಓನಾಮ ತಿದ್ದಿ, ಮಗ್ಗಿಯನ್ನು ಬಾಯಿಪಾಠ ಮಾಡಿ, ಆಮೇಲೆ ಹಲಗೆಗೆ ಬರುವುದು ಕ್ರಮ. ತಪ್ಪಿದವನಿಗೆ ಕೋದಂಡದ ಶಿಕ್ಷೆಯೂ ಇತ್ತು. ಶಿಕ್ಷೆ ಕ್ರೂರವಾಗಿದ್ದರೂ ಬೈಗಳು ಮಾತ್ರ ಮನೆಯ ಭಾಷೆಯಲ್ಲಿರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸಣ್ಣ ಸಮಾಧಾನವೂ ತಪ್ಪಿತು.

೧೮೧೮ರಲ್ಲಿ ಪೇಶವೆಯರ ಆಳಿಕೆ ಮುಗಿದು ಧಾರವಾಡ ಸೀಮೆಯು ಮುಂಬಯಿ ಸರಕಾರದ ಕೈಗೆ ಬಂದಿತು. ರೋಣ ತಾಲೂಕು ಆಗ ಧಾರವಾಡಕ್ಕೆ ಸೇರಿದ್ದು. ಗದಗ ಜಿಲ್ಲೆಯಾದುದು ೧೯೯೭ರಲ್ಲಿ. ಪೇಶವೆಯರ ಕಾಲದಿಂದ ಕಚೇರಿಯ ಬರವಣಿಗೆಯೆಲ್ಲ ಮರಾಠಿ ಮೋಡಿಯಲ್ಲಿ ನಡೆಯುತ್ತಿತ್ತು. ಹೊಸ ದೊರೆಗಳು ಈ ಕಾಗದಪತ್ರಗಳನ್ನು ನೋಡಿ, ಈ ಸೀಮೆಯ ಭಾಷೆಯೇ ಮರಾಠಿಯೆಂದು ಭಾವಿಸಿದರು. ಇದಕ್ಕೆ ದಕ್ಷಿಣ ಮರಾಠಾ ದೇಶವೆಂದು ಹೆಸರಿಟ್ಟರು. ಮುಂದೆ ನಮ್ಮ ಹೊಳೆಆಲೂರಿನ ಮೇಲೆ ಹಾಯ್ದ ರೈಲಿಗೂ ‘ಸದರ್ನ್ ಮರಾಠಾ’ ಎಂದೇ ಹೆಸರಾಯಿತು. ರೈಲಿಗೆ ಯಾವ ಹೆಸರಿದ್ದರೂ ಅದು ಓಡುತ್ತದೆ. ಮಕ್ಕಳ ಮಾತು ಹಾಗಲ್ಲ. ಸರಕಾರದ ಶಾಲೆಗಳು ತೆರೆದಾಗ ಅಲ್ಲಿ ಕಲಿಸುವ ಭಾಷೆ ಮರಾಠಿಯಾಯಿತು. ಮನೆಯಲ್ಲಿ ‘ಅವ್ವಾ’ ಎಂದು ಕರೆದು ಬಂದ ಹುಡುಗ ಶಾಲೆಯ ಹೊಸ್ತಿಲು ದಾಟಿದೊಡನೆ ‘ಆಈ’ ಎಂದು ಬರೆಯಬೇಕಾಯಿತು.

ಆ ಹುಡುಗರ ಸ್ಥಿತಿಯನ್ನು ಊಹಿಸಿ ನೋಡಿರಿ. ಅಪ್ಪನಿಗೆ ಓದು ಬಾರದು. ಶಾಲೆಯಲ್ಲಿ ಕಲಿಸಿದ್ದು ಮನೆಯಲ್ಲಿ ಕೇಳಿದವರಿಗೆ ತಿಳಿಯದು. ತನ್ನ ಹಬ್ಬ, ತನ್ನ ಹೊಲ, ತನ್ನ ರೊಟ್ಟಿ ಯಾವುದಕ್ಕೂ ಪುಸ್ತಕದಲ್ಲಿ ಜಾಗವಿಲ್ಲ. ಕಲಿತಷ್ಟೂ ಮನೆಯಿಂದ ದೂರ. ಆದರೂ ತಂದೆಗಳು ತಮ್ಮ ಮಕ್ಕಳನ್ನು ಕಳಿಸಿದರು. ಏಕೆಂದರೆ ಕಾರಕೂನಿಕೆ ಸಿಗುವುದು ಮರಾಠಿಯಿಂದ. ಮಗನಿಗೆ ಅನ್ನ ಸಿಗಲಿ ಎಂಬ ಆಸೆಯನ್ನು ಯಾರು ತಪ್ಪೆಂದಾರು? ಇಂದು ನಾವು ಇಂಗ್ಲಿಷ್ ಶಾಲೆಯ ಬಾಗಿಲಲ್ಲಿ ನಿಂತಾಗ ಮನಸ್ಸಿನಲ್ಲಿರುವ ಲೆಕ್ಕ ಅವರ ಮನಸ್ಸಿನಲ್ಲಿಯೂ ಇತ್ತು. ನೂರೈವತ್ತು ವರ್ಷಗಳಲ್ಲಿ ಭಾಷೆಯ ಹೆಸರು ಬದಲಾಯಿತು, ಲೆಕ್ಕ ಬದಲಾಗಲಿಲ್ಲ.

ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಕಲಿಸಬೇಕೆಂದು ಮೊದಲು ಹೇಳಿದವರಲ್ಲಿ ಧಾರವಾಡದಲ್ಲಿದ್ದ ವಾಲ್ಟರ್ ಎಲಿಯಟ್ ಒಬ್ಬ. ೧೮೨೪ರ ಕಿತ್ತೂರಿನ ಗದ್ದಲದಲ್ಲಿ ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿ ಈತನೇ ಎಂಬುದು ಸೋಜಿಗ. ೧೮೩೭ರಲ್ಲಿ ಧಾರವಾಡಕ್ಕೂ, ೧೮೪೧ರಲ್ಲಿ ನಮ್ಮ ಗದಗಿನ ಬೆಟಗೇರಿಗೂ ಬಂದ ಬಾಸೆಲ್ ಮಿಶನ್ನಿನವರು ತಮ್ಮ ಧರ್ಮಪ್ರಚಾರಕ್ಕಾಗಿಯಾದರೂ ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಶಾಲೆ ನಡೆಸಿದರು. ೧೮೫೪ರ ವುಡ್ ಸಾಹೇಬನ ಶಿಕ್ಷಣ ಖಲೀತೆಯು ಸಾಮಾನ್ಯ ಜನರ ಮಕ್ಕಳಿಗೆ ಅವರ ದೇಶಭಾಷೆಯಲ್ಲಿಯೇ ವಿದ್ಯೆ ಸಿಗಬೇಕೆಂದಿತು. ಆದರೆ ಕಾಗದದ ಮೇಲಿನ ಮಾತನ್ನು ಊರೂರಿಗೆ ಒಯ್ಯುವವರು ಬೇಕಲ್ಲ? ಆ ಕೆಲಸ ಮಾಡಿದವರು ಡೆಪ್ಯುಟಿ ಚನ್ನಬಸಪ್ಪನವರು.

ಚನ್ನಬಸಪ್ಪನವರು ಧಾರವಾಡದಲ್ಲಿ ೧೮೩೪ರಲ್ಲಿ ಹುಟ್ಟಿದವರು. ತಾವೇ ಮರಾಠಿಯ ವಾತಾವರಣದಲ್ಲಿ ಕಲಿತವರು; ಪುಣೆಯ ಗಾಳಿ ಕುಡಿದು ಬಂದವರು. ಶಿಕ್ಷಣ ಖಾತೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರರಾದುದರಿಂದ ಆ ಹುದ್ದೆಯೇ ಅವರ ಹೆಸರಿಗೆ ಅಂಟಿಕೊಂಡಿತು. ರಸೆಲ್ ಎಂಬ ಇನ್‌ಸ್ಪೆಕ್ಟರ್ ಸಾಹೇಬ ಇವರ ಮಾತಿಗೆ ಕಿವಿಗೊಟ್ಟ. ಶಾಲೆ ಕನ್ನಡವಾಗಬೇಕಾದರೆ ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರು ಬೇಕು. ಅದಕ್ಕಾಗಿ ಧಾರವಾಡದ ನಾರ್ಮಲ್ ಸ್ಕೂಲು. ಓದಿಸಲು ಪುಸ್ತಕ ಬೇಕು. ಅದಕ್ಕಾಗಿ ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದವರ ದುಡಿಮೆ. ಹಳ್ಳಿಯಲ್ಲಿ ಒಂಟಿಯಾಗಿ ಕಲಿಸುವ ಮಾಸ್ತರನಿಗೆ ಸಂಗಾತಿ ಬೇಕು. ಅದಕ್ಕಾಗಿ ೧೮೬೫ರಲ್ಲಿ ‘ಮಠಪತ್ರಿಕೆ’. ಆ ಹೆಸರನ್ನು ಗಮನಿಸಬೇಕು. ಹಳ್ಳಿಯ ಮಗುವಿಗೆ ಶಾಲೆಯೆಂದರೆ ಮಠವೆಂದು ಬಲ್ಲವರೇ ಆ ಹೆಸರನ್ನಿಟ್ಟವರು. ಇಂದಿನ ‘ಜೀವನ ಶಿಕ್ಷಣ’ ಮಾಸಪತ್ರಿಕೆಯ ಬೇರು ಅಲ್ಲಿದೆ.

ಚನ್ನಬಸಪ್ಪನವರು ಷೇಕ್ಸ್‌ಪಿಯರನ ಒಂದು ನಾಟಕವನ್ನು ‘ನಗದವರನ್ನು ನಗಿಸುವ ಕತೆ’ ಎಂದು ೧೮೭೧ರಲ್ಲಿ ಕನ್ನಡಕ್ಕೆ ತಂದರು. ಅವಳಿಜವಳಿ ಅಣ್ಣತಮ್ಮಂದಿರು ಒಬ್ಬರಿಂದೊಬ್ಬರು ಅಗಲಿ, ಒಬ್ಬನನ್ನು ಇನ್ನೊಬ್ಬನೆಂದು ಊರೆಲ್ಲ ತಪ್ಪು ತಿಳಿಯುವ ಕಥೆ ಅದು. ನನಗೆ ಅದನ್ನು ಓದುವಾಗಲೆಲ್ಲ ಮನೆಯ ಹುಡುಗ, ಶಾಲೆಯ ಹುಡುಗ ಎಂದು ಇಬ್ಭಾಗವಾದ ಆ ಕಾಲದ ಕನ್ನಡ ಮಕ್ಕಳ ನೆನಪಾಗುತ್ತದೆ. ಇದು ನನ್ನ ಕಲ್ಪನೆಯಿರಬಹುದು. ಅವರು ೧೮೮೧ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಒಂಬತ್ತು ವರ್ಷಗಳ ಮೇಲೆ, ೧೮೯೦ರ ಜುಲೈ ೨೦ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಹೊಳೆಆಲೂರಿನ ಮನೆತನದ ಆಲೂರ ವೆಂಕಟರಾಯರು ಪುಣೆಯಲ್ಲಿ ಓದಿ ಬಂದು, ನಮಗೂ ಒಂದು ಚರಿತ್ರೆಯುಂಟೆಂದು ಸಾರಿ ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದರು. ನಾವು ಇವೆಲ್ಲವನ್ನು ಏಕೀಕರಣದ ಇತಿಹಾಸವೆಂದು ಓದುತ್ತೇವೆ, ೧೯೫೬ರ ನವೆಂಬರ ಒಂದರ ಮೆಟ್ಟಿಲುಗಳೆಂದು ಎಣಿಸುತ್ತೇವೆ. ಅದು ಸರಿಯೇ. ಆದರೆ ಈ ಹೋರಾಟದ ಬುಡದಲ್ಲಿ ಒಂದು ಚಿಕ್ಕ ಮಗು ಕುಳಿತಿದೆ: ಶಾಲೆಯಲ್ಲಿ ಏನು ನಡೆಯಿತೆಂದು ಸಂಜೆ ಅವ್ವನಿಗೆ ಹೇಳಲಾರದ ಮಗು.

*

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಪರಭಾಷೆಯಲ್ಲಿ ಕಲಿತರೆ ಮಗು ಕೆಡುತ್ತದೆಯೆ? ಬೇಂದ್ರೆಯವರ ಮನೆಮಾತು ಮರಾಠಿ. ಅವರು ಹುಟ್ಟಿದುದು, ಬೆಳೆದುದು ಧಾರವಾಡದ ಕನ್ನಡದ ಓಣಿಗಳಲ್ಲಿ. ಮಾಸ್ತಿಯವರ ಮನೆಯಲ್ಲಿ ತಮಿಳು. ಗಿರೀಶ ಕಾರ್ನಾಡರ ಮನೆಯಲ್ಲಿ ಕೊಂಕಣಿ. ಮೂವರೂ ಕನ್ನಡಕ್ಕೆ ಜ್ಞಾನಪೀಠ ತಂದರು. ಮನೆಗೊಂದು, ಬೀದಿಗೊಂದು, ಶಾಲೆಗೊಂದು ಎಂದು ಮೂರು ಭಾಷೆಗಳನ್ನು ಮಕ್ಕಳು ಆಡುತ್ತಾಡುತ್ತ ಕಲಿಯಬಲ್ಲರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಹಾಗಾದರೆ ತೊಡಕು ಎಲ್ಲಿದೆ? ಈ ಮೂವರ ಬಾಳಿನಲ್ಲಿ ಹೊಸ ಭಾಷೆ ಬಂದಾಗ ಹಳೆಯದನ್ನು ಮನೆಯಿಂದ ಹೊರಗೆ ಹಾಕಿರಲಿಲ್ಲ. ಬೇಂದ್ರೆಯವರು ಕೊನೆಯವರೆಗೆ ಮರಾಠಿಯಲ್ಲಿಯೂ ಬರೆದರು. ಮಗುವನ್ನು ಕಳೆದುಕೊಂಡ ಸಂಕಟದಲ್ಲಿ ಅವರಿಂದ ಹೊರಟ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವಿತೆ ಮಾತ್ರ ಧಾರವಾಡದ ಆಡುಗನ್ನಡದಲ್ಲಿದೆ, ಗ್ರಂಥದ ಕನ್ನಡದಲ್ಲಿಲ್ಲ. ಅಂಥ ದುಃಖಕ್ಕೆ ಬಾಯಿಗೆ ಬಂದ ಮಾತೇ ಬೇಕು.

ಎರಡನೆಯ ಮಾತು ನಮ್ಮನ್ನೇ ಚುಚ್ಚುವಂಥದು. ನಾನು ಐದನೆಯ ಇಯತ್ತೆಯನ್ನು ಬೇರೊಂದು ಊರಿನಲ್ಲಿ ಓದಿದೆ. ನಮ್ಮ ವರ್ಗದಲ್ಲಿ ಲಂಬಾಣಿ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಅವನ ಮನೆಮಾತು ಬೇರೆ; ಕನ್ನಡ ಅವನಿಗೆ ಶಾಲೆಯಲ್ಲಿಯೇ ಮೊದಲು ಸಿಕ್ಕ ಭಾಷೆ. ಒಮ್ಮೆ ಅವನು ಯಾವುದೋ ಶಬ್ದವನ್ನು ತನ್ನ ಬಗೆಯಲ್ಲಿ ಉಚ್ಚರಿಸಿದಾಗ ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆ, ನಾನೇ ಜೋರಾಗಿ ನಕ್ಕವನು. ಅವನು ವರ್ಷವೆಲ್ಲ ಮತ್ತೆ ಬಾಯಿ ತೆರೆಯಲಿಲ್ಲ. ಮರುವರ್ಷ ಬರಲೂ ಇಲ್ಲ. ಮರಾಠಿ ಶಾಲೆಯಲ್ಲಿ ಬಾಯಿ ಮುಚ್ಚಿ ಕುಳಿತ ಕನ್ನಡ ಹುಡುಗನ ಬಗೆಗೆ ಇಂದು ಕಣ್ಣೀರು ತಂದುಕೊಳ್ಳುವ ನಾವು, ನಮ್ಮ ಕನ್ನಡ ಶಾಲೆಯಲ್ಲಿ ಬಾಯಿ ಮುಚ್ಚಿ ಕುಳಿತ ಈ ಹುಡುಗನನ್ನು ಕಂಡೆವೆ? ಗಜೇಂದ್ರಗಡದ ಗುಡ್ಡದ ಸುತ್ತಿನ ತಾಂಡಾಗಳಲ್ಲಿ, ನಮ್ಮ ಊರುಗಳ ಉರ್ದು ಮಾತಿನ ಮನೆಗಳಲ್ಲಿ ಇಂಥ ಮಕ್ಕಳು ಎಷ್ಟು? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯುವ ಸೌಕರ್ಯವಿರಬೇಕೆಂದು ೧೯೫೬ರಲ್ಲಿ ಸಂವಿಧಾನಕ್ಕೆ ೩೫೦ಎ ವಿಧಿಯನ್ನು ಸೇರಿಸಿದ್ದಾರೆ. ಭಾಷಾವಾರು ಪ್ರಾಂತಗಳಾದ ವರ್ಷವೇ ಈ ಎಚ್ಚರಿಕೆಯೂ ಬಂದುದು ಅರ್ಥಪೂರ್ಣ. ಡೆಪ್ಯುಟಿ ಚನ್ನಬಸಪ್ಪನವರ ತತ್ತ್ವವನ್ನು ಒಪ್ಪಿದವರು ಅದನ್ನು ಎಲ್ಲ ಮಕ್ಕಳಿಗೂ ಒಪ್ಪಬೇಕು. ಕನ್ನಡದ ಮಕ್ಕಳಿಗೆ ಒಂದು ನ್ಯಾಯ, ತಾಂಡಾದ ಮಕ್ಕಳಿಗೆ ಇನ್ನೊಂದು ಎಂದರೆ ಅದು ಭಾಷಾಭಿಮಾನವಾದೀತು, ಮಕ್ಕಳ ಮೇಲಿನ ಪ್ರೀತಿಯಾಗದು.

ಮಗುವಿನ ಕಡೆಯಿಂದ ನೋಡಿದವರು ನಮ್ಮ ದೇಶದಲ್ಲಿ ಇಲ್ಲದಿಲ್ಲ. ಭಾವನಗರದಲ್ಲಿ ವಕೀಲಿ ಬಿಟ್ಟು ೧೯೨೦ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ, ಹೊಡೆ-ಬಡಿಗಳಿಲ್ಲದೆ, ಕಥೆ ಹಾಡುಗಳ ಮೂಲಕ, ಮಕ್ಕಳ ಗುಜರಾತಿಯಲ್ಲಿಯೇ ಕಲಿಸಿ ತೋರಿಸಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಡನೆ ಕುಣಿದರು. ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕುಳಿತು ಬರೆದರು. ಮಗುವಿಗೆ ಕಲಿಸಲು ಅದರ ತಾಯ್ನುಡಿಯೇ ಉತ್ತಮ ಮಾಧ್ಯಮವೆಂದು ಯುನೆಸ್ಕೊ ಸಂಸ್ಥೆಯ ತಜ್ಞರು ೧೯೫೩ರಲ್ಲಿ ಹೇಳಿದರು; ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲೆಲ್ಲ ಐದನೆಯ ತರಗತಿಯವರೆಗಾದರೂ ಮನೆಮಾತಿನಲ್ಲಿಯೇ ಕಲಿಸಬೇಕೆಂದಿದೆ. ಹೇಳುವವರು ಹೇಳುತ್ತಲೇ ಬಂದಿದ್ದಾರೆ. ಕೇಳುವವರ ಕಥೆ ಬೇರೆ.

೧೯೮೨ರ ಗೋಕಾಕ ಚಳವಳಿಯಲ್ಲಿ ಕನ್ನಡಕ್ಕಾಗಿ ಬೀದಿಗಿಳಿದವರ ಮಕ್ಕಳು ಮೊಮ್ಮಕ್ಕಳು ಯಾವ ಶಾಲೆಗೆ ಹೋದರೆಂದು ಕೇಳಿದರೆ ಯಾರೂ ತಲೆಯೆತ್ತಲಾರರು, ನಾನಂತೂ ಎತ್ತಲಾರೆ. ೧೯೯೪ರಲ್ಲಿ ರಾಜ್ಯ ಸರಕಾರವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ಆಜ್ಞೆ ಮಾಡಿತು. ಮೊಕದ್ದಮೆ ಇಪ್ಪತ್ತು ವರ್ಷ ನಡೆದು, ೨೦೧೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ತೀರ್ಪು ಕೊಟ್ಟಿತು: ಮಗುವಿನ ಮಾತೃಭಾಷೆ ಯಾವುದೆಂಬುದನ್ನು ಹೇಳುವವರು ಪಾಲಕರು, ಕಲಿಕೆಯ ಮಾಧ್ಯಮವನ್ನು ಸರಕಾರ ಅವರ ಮೇಲೆ ಹೇರಲಾಗದು. ೨೦೧೯ರಲ್ಲಿ ಸರಕಾರವೇ ತನ್ನ ಒಂದು ಸಾವಿರ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಲು ಹೊರಟಿತು.

ನೂರೈವತ್ತು ವರ್ಷಗಳ ಈ ಕಥೆ ಎಲ್ಲಿಗೆ ಬಂದು ನಿಂತಿತೆಂಬುದನ್ನು ನೋಡಿರಿ. ಮೊದಲು ಮಗುವಿನ ಮಾತನ್ನು ನಿರ್ಧರಿಸಿದವರು ಕಚೇರಿಯ ಸಾಹೇಬರು. ಆಮೇಲೆ ಶಾಲಾ ಇನ್‌ಸ್ಪೆಕ್ಟರರು, ಆಮೇಲೆ ಮಂತ್ರಿಗಳು, ಆಮೇಲೆ ನ್ಯಾಯಾಧೀಶರು. ಈಗ ಅದು ತಿರುಗಿ ತಿರುಗಿ ನಮ್ಮ ಮನೆಯ ಪಡಸಾಲೆಗೇ ಬಂದಿದೆ. ಇನ್ನು ಯಾರನ್ನೂ ಬೈಯುವಂತಿಲ್ಲ. ಚೀಟಿಯ ಮೇಲಿನ ಸಹಿ ನಮ್ಮದೇ.

*

ಸಹಿ ಮಾಡಿ ಕಳಿಸಿದ ಮೇಲೆ ನಾವು ಗಂಡಹೆಂಡಿರು ಪ್ರಾಮಾಣಿಕವಾಗಿಯೇ ನಡೆದುಕೊಂಡೆವು. ಊಟದ ಹೊತ್ತಿಗೆ ಇಂಗ್ಲಿಷ್, ಮಲಗುವ ಹೊತ್ತಿಗೆ ಇಂಗ್ಲಿಷ್. ನಮ್ಮ ಇಂಗ್ಲಿಷ್ ಆಜ್ಞೆಗಳಿಗೆ ಸಾಕಾಗುವಂಥದು: ಬಾ, ಕುಳಿತುಕೊ, ಉಣ್ಣು, ಮಲಗು. ಅದರಲ್ಲಿ ಮುದ್ದಿಗೆ ಬೇಕಾದ ಶಬ್ದಗಳು ನಮಗೆ ಬರುತ್ತಿರಲಿಲ್ಲ. ಮೂರು ತಿಂಗಳಲ್ಲಿ ಮಗಳು ಚೆನ್ನಾಗಿ ಉತ್ತರ ಹೇಳಲು ಕಲಿತಳು. ಪ್ರಶ್ನೆ ಕೇಳುವುದನ್ನು ಬಿಟ್ಟಳು. ಅದನ್ನು ನಾನು ಗಮನಿಸಲಿಲ್ಲ. ಮಾರ್ಕುಗಳು ಒಳ್ಳೆಯವಿದ್ದವು.

ಮುಂದಿನ ಬೇಸಗೆಯ ಕೊನೆಗೆ ನನ್ನ ತಂದೆಯವರು ಮೆಣಸಗಿಯಲ್ಲಿ ತೀರಿಕೊಂಡರು. ಮಗಳಿಗೆ ಮುತ್ತ್ಯಾನೆಂದರೆ ಜೀವ. ಸಾವಿನ ಮನೆಯ ಗದ್ದಲದಲ್ಲಿ ಅವಳು ಕಂಬಕ್ಕೆ ಆತು ಕುಳಿತಿದ್ದಳು, ಅಳಲಿಲ್ಲ. ಗಟ್ಟಿ ಮನಸ್ಸಿನ ಹುಡುಗಿ ಎಂದರು ಬಂದವರು. ನಗರಕ್ಕೆ ಮರಳಿದ ಮೇಲೆ ಅವಳು ರಾತ್ರಿ ಬೆಚ್ಚಿ ಏಳತೊಡಗಿದಳು. ಏನಾಯಿತೆಂದು ನಾನು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ. ಏನೂ ಇಲ್ಲವೆಂದು ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ವ್ಯಾಕರಣ ಸರಿಯಾಗಿತ್ತು.

ಆಷಾಢದಲ್ಲಿ ನನ್ನ ತಾಯಿ ನಮ್ಮಲ್ಲಿಗೆ ಬಂದರು. ಗಂಟಿನೊಳಗೆ ರೊಟ್ಟಿ, ಶೇಂಗಾದ ಹಿಂಡಿಯ ಜೊತೆಗೆ ಒಂದು ಒದ್ದೆ ಅರಿವೆಯಲ್ಲಿ ಹೊಳೆದಂಡೆಯ ಮಣ್ಣಿನ ಮುದ್ದೆ. ‘ಸೂತಕದ ಮನಿ, ಹಬ್ಬ ಮಾಡೂದಿಲ್ಲ. ಕೂಸು ಕೈಯಾಡಸಲಿ ಅಂತ ತಂದೇನಿ’ ಎಂದರು. ಮಂಗಳವಾರ ಮಧ್ಯಾಹ್ನ ಅಜ್ಜಿ ಮೊಮ್ಮಗಳು ಬಾಲ್ಕನಿಯಲ್ಲಿ ಮಣ್ಣು ನಾದುತ್ತ ಕುಳಿತರು. ನಾನು ಒಳಗೆ ಉತ್ತರಪತ್ರಿಕೆಗಳನ್ನು ನೋಡುತ್ತಿದ್ದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಮಗಳ ದನಿ ಕೇಳಿಸಿತು:

‘ಆಯೀ, ಮುತ್ತ್ಯಾ ಎಲ್ಲಿ ಹ್ವಾದ?’

ಎಷ್ಟು ತಿಂಗಳ ಮೇಲೆ ಅವಳು ಕೇಳಿದ ಪ್ರಶ್ನೆಯೋ! ನನ್ನ ಕೈಯ ಪೆನ್ನು ನಿಂತಿತು. ಅವ್ವ ಕೂಡಲೆ ಉತ್ತರ ಹೇಳಲಿಲ್ಲ. ಗುಳ್ಳವ್ವನ ಬೆನ್ನನ್ನು ಬೆರಳಿನಿಂದ ಸವರುತ್ತ ಹೇಳಿದರು: ‘ನಾಳಿಗೆ ಈಕಿನ್ನ ಎಲ್ಲಿ ಬಿಡ್ತೀವು ತಂಗಿ?’

‘ನೀರಾಗ.’

‘ಬರೂ ವರ್ಷ ಮಣ್ಣು ಎಲ್ಲಿಂದ ತರ್ತೀವು?’

‘ಹೊಳ್ಯಾಗಿಂದ.’

‘ಹಂಗ.’

ಮಗಳು ಸ್ವಲ್ಪ ಹೊತ್ತು ವಿಚಾರ ಮಾಡಿದಳು. ‘ಆದರ ಅದು ಈ ಗುಳ್ಳವ್ವನ ಅಲ್ಲಲ್ಲ?’ ಎಂದಳು. ಅವ್ವ ಸುಳ್ಳು ಹೇಳಲಿಲ್ಲ. ‘ಅಲ್ಲವಾ. ಇದು ಹೋದದ್ದು ಹೋತು. ಅದಕ್ಕ ಅಳು ಬರತೈತಿ’ ಎಂದರು. ಆಗ ಹುಡುಗಿ ಅಜ್ಜಿಯ ಮಡಿಲಿನಲ್ಲಿ ಮುಖವಿಟ್ಟು, ಮಣ್ಣಿನ ಕೈಗಳಿಂದಲೇ ಅವರ ಸೆರಗು ಹಿಡಿದುಕೊಂಡು ಅತ್ತಳು. ಒಂದು ಬೇಸಗೆ, ಒಂದು ಮುಂಗಾರು ತಡೆದಿಟ್ಟುಕೊಂಡ ಅಳು ಅದು. ನಾನು ಎದ್ದು ಹೋಗಲಿಲ್ಲ; ಹೋಗಿ ಹೇಳಬಹುದಾದ ಮಾತು ನನ್ನಲ್ಲಿರಲಿಲ್ಲ.

ನಾವು ಅವಳನ್ನು ಶಾಲೆಯಿಂದ ಬಿಡಿಸಲಿಲ್ಲ. ಹಾಗೆಂದು ಬರೆದರೆ ಈ ಲೇಖನಕ್ಕೆ ಚಂದವಾದ ಮುಕ್ತಾಯ ದೊರೆಯುತ್ತಿತ್ತು. ಆದರೆ ಅದು ನಿಜವಲ್ಲ. ಹತ್ತಿರದ ಕನ್ನಡ ಶಾಲೆಗೆ ಹಾಕುವ ಧೈರ್ಯ ನನಗಾಗಲಿಲ್ಲ. ನೂರೈವತ್ತು ವರ್ಷಗಳ ಹಿಂದೆ ಮಗನನ್ನು ಮರಾಠಿ ಶಾಲೆಗೆ ಕಳಿಸಿದ ರೋಣ ಸೀಮೆಯ ಆ ತಂದೆಗಿಂತ ನಾನು ಹೆಚ್ಚಿನವನೇನೂ ಅಲ್ಲ. ಅವನ ಮನೆಯಲ್ಲಿ ಸಂಜೆಗೆ ಕನ್ನಡವಾದರೂ ಉಳಿದಿತ್ತು. ಆ ಮಟ್ಟಿಗೆ ಅವನೇ ನನಗಿಂತ ಮೇಲು. ಶಾಲೆಯ ಮಾತನ್ನು ಆರಿಸುವ ಹಕ್ಕನ್ನು ನ್ಯಾಯಾಲಯ ನಮಗೆ ಕೊಟ್ಟಿದೆ. ಮನೆಯ ಮಾತನ್ನು ಬಿಟ್ಟುಕೊಡುವ ಹಕ್ಕನ್ನು ಯಾರೂ ಕೊಟ್ಟಿಲ್ಲ. ಆ ಮಾತು ಮಗುವಿಗೆ ಸೇರಿದ್ದು. ಅದು ಕನ್ನಡವಿರಲಿ, ಲಂಬಾಣಿಯಿರಲಿ, ಉರ್ದುವಿರಲಿ, ದುಃಖ ಬಂದ ದಿನ ಕೈಗೆ ಸಿಗುವಂತೆ ಅದನ್ನು ಕಾಯ್ದಿಡುವ ಹೊಣೆ ಮಾತ್ರ ತಂದೆತಾಯಿಗಳದು.

ಈ ವರ್ಷವೂ ಶಾಲೆ ಸುರುವಾದ ಮೇಲೆ ಡೈರಿಯಲ್ಲಿ ಅದೇ ಚೀಟಿ ಬಂದಿತು. ಸಹಿಯ ಜಾಗದಲ್ಲಿ ನಾನು ಸಹಿ ಮಾಡಲಿಲ್ಲ. ಶಾಲೆಯಲ್ಲಿ ನಿಮ್ಮ ಭಾಷೆಯನ್ನು ಚೆನ್ನಾಗಿ ಕಲಿಸಿರಿ, ಮನೆಯಲ್ಲಿ ನಮ್ಮದನ್ನು ನಾವು ಆಡುತ್ತೇವೆ ಎಂದು ಎರಡು ಸಾಲು ಬರೆದು ಕಳಿಸಿದೆ. ಉತ್ತರವೇನೂ ಬರಲಿಲ್ಲ. ಮಗಳು ಮಾತ್ರ ಆ ಸಾಲುಗಳನ್ನು ಅಕ್ಷರ ಕೂಡಿಸಿಕೊಂಡು ಓದಿ, ‘ಅಪ್ಪಾ, ನೀವು ಕನ್ನಡದಾಗ ಬರದೀರಿ, ಟೀಚರಿಗೆ ತಿಳಿತೈತೇನು?’ ಎಂದು ಕೇಳಿದಳು. ಈಗ ಅವಳು ಪ್ರಶ್ನೆ ಕೇಳುತ್ತಾಳೆ.